ದವಡೆ ಕೆಳಗಿನ ಕಲ್ಲು: ಜೊಲ್ಲು ಗ್ರಂಥಿಗೆ ಆಪರೇಷನ್ ಮಾಡಿಸಿಕೊಂಡ ಅನುಭವ

ನನಗೆ ಬಲಗಡೆ ದವಡೆಯ ಕೆಳಗೆ, ಜೊಲ್ಲು ಗ್ರಂಥಿಯಿಂದ ಬಾಯಿಗೆ ಬರುವ ಕೊಳವೆಯಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಕಿಡ್ನಿಯಲ್ಲಿ ಕಲ್ಲಾಗುತ್ತದೆ, ಪಿತ್ತಕೋಶದಲ್ಲಿ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಬಾಯಲ್ಲೂ ಆಗುತ್ತದೆ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. ನಾನು ತುಮಕೂರಿನವಳು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬೆಳಗಿಂದ ಸಂಜೆವರೆಗೆ ಮಾತಾಡುವುದೇ ಕೆಲಸ. ನಾಲಿಗೆ, ಗಂಟಲು, ಧ್ವನಿ ಇವುಗಳಿಗೆ ಏನಾದರೂ ಆದರೆ ನನ್ನ ಅನ್ನಕ್ಕೇ ಕುತ್ತು. ಹಾಗಾಗಿ ಪ್ರತಿ ಹಂತದಲ್ಲೂ ಡಾಕ್ಟರನ್ನು ಕೇಳಿ ಕೇಳಿ ತಿಳಿದುಕೊಂಡೆ. ಅದೆಲ್ಲ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಇದು ಶುರುವಾಗಿದ್ದು ಊಟದ ಹೊತ್ತಿನಲ್ಲಿ. ಮೊದಲ ತುತ್ತು ಬಾಯಿಗೆ ಹೋಗುತ್ತಿದ್ದ ಹಾಗೆ ದವಡೆ ಮೂಳೆಯ ಕೆಳಗೆ, ಒಳಗಿನಿಂದ ಏನೋ ಬಿಗಿದು ಬರುವುದು. ನೋವು ಅನ್ನುವುದಕ್ಕಿಂತ ಬಿಗಿತ. ಕೈಯಿಟ್ಟು ನೋಡಿದರೆ ಎರಡು ಬೆರಳಿಗೆ ಸಿಗುವಷ್ಟು ಗಂಟು. ಊಟ ಮುಗಿದು ಪಾತ್ರೆ ತೊಳೆದು ಕೂರುವ ಹೊತ್ತಿಗೆ ನಿಧಾನಕ್ಕೆ ಇಳಿಯುತ್ತಿತ್ತು. ಹುಳಿ ಜಾಸ್ತಿ ಇದ್ದರೆ ಊತವೂ ಜಾಸ್ತಿ. ನಿಂಬೆಕಾಯಿ ಉಪ್ಪಿನಕಾಯಿ, ಹುಣಸೆಹಣ್ಣಿನ ಗೊಜ್ಜು, ಕಿತ್ತಳೆ, ಇವು ಬಾಯಿಗೆ ಬೀಳುವುದೇ ಬೇಡ, ಕಣ್ಣಿಗೆ ಬಿದ್ದರೆ ಸಾಕು, ಬಲಗಡೆ ಎಳೆದು ಹಿಡಿದ ಹಾಗಾಗುತ್ತಿತ್ತು. ಒಂದೊಂದು ಸಲ ಇದ್ದಕ್ಕಿದ್ದಂತೆ ನಾಲಿಗೆ ಕೆಳಗೆ ಉಪ್ಪುಪ್ಪಾದ, ಅಂಟಾದ ದ್ರವ ಬುಳಕ್ಕನೆ ಬಂದು, ಮರುಕ್ಷಣ ಊತ ಇಳಿದುಬಿಡುತ್ತಿತ್ತು.

ನಮ್ಮ ಅತ್ತೆ ನೋಡಿ, "ಕೆಪ್ಪಟೆ ಕಣಮ್ಮ, ಅರಿಶಿನ ಹಚ್ಚು" ಅಂದರು. ಕೆಪ್ಪಟೆ ಅಂದರೆ ಮಂಗನಬಾವು. ಅದು ಸಾಮಾನ್ಯವಾಗಿ ಊದುವುದು ಕಿವಿಯ ಮುಂದೆ, ಕೆಳಗೆ. ನನ್ನದು ದವಡೆ ಮೂಳೆಯ ಅಡಿಯಲ್ಲಿ, ಗದ್ದಕ್ಕೂ ಕಿವಿಗೂ ನಡುವೆ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಹಲ್ಲಿನ ಸೋಂಕು ಇರಬಹುದು ಅಂತ ಆಂಟಿಬಯಾಟಿಕ್ ಕೊಟ್ಟರು. ಇಳಿಯಿತು. ಮತ್ತೆ ಬಂತು. ಮತ್ತೆ ಆಂಟಿಬಯಾಟಿಕ್. ಅದು ಮಾತ್ರೆಯಿಂದ ಇಳಿಯುತ್ತಿರಲಿಲ್ಲ, ತಾನಾಗೇ ಇಳಿಯುತ್ತಿತ್ತು. ಊತ ಯಾವಾಗ ಬರುತ್ತದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಬೇಜಾರು ನನಗೆ ಅದೇ. ಆ ಒಂದು ಪ್ರಶ್ನೆಯಲ್ಲೇ ಈ ಕಾಯಿಲೆಯ ಮುಕ್ಕಾಲು ಪಾಲು ಉತ್ತರ ಇದೆ.

ಆ ಪ್ರಶ್ನೆ ಕೇಳಿದವರು ಇಎನ್‌ಟಿ ಡಾಕ್ಟರು. ನಾನು ಕುರ್ಚಿಯಲ್ಲಿ ಕೂತು ಕುತ್ತಿಗೆ ತೋರಿಸುತ್ತಿದ್ದ ಹಾಗೆ, "ಮೇಡಂ, ಊಟ ಮಾಡುವಾಗ ಊದುತ್ತಾ, ಆಮೇಲೆ ಇಳಿಯುತ್ತಾ?" ಅಂದರು. ಹೌದು ಡಾಕ್ಟ್ರೇ ಅಂದೆ. ಗ್ಲೌಸ್ ಹಾಕಿಕೊಂಡು ಒಂದು ಬೆರಳನ್ನು ಬಾಯೊಳಗೆ, ನಾಲಿಗೆಯ ಪಕ್ಕದ ಮೆತ್ತನೆ ಜಾಗಕ್ಕೆ ಇಟ್ಟರು. ಇನ್ನೊಂದು ಕೈಯ ಬೆರಳುಗಳಿಂದ ಹೊರಗಿನಿಂದ ದವಡೆ ಕೆಳಗೆ ಮೇಲಕ್ಕೆ ಒತ್ತಿದರು. ಎರಡು ಬೆರಳ ನಡುವೆ ಬಾಯಿಯ ತಳ ಪೂರ್ತಿ ಸಿಗುತ್ತದೆ. ಹಿಂದಿನಿಂದ ಮುಂದಕ್ಕೆ ಸವರುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. "ಇಲ್ಲೇ ಇದೆ, ಗಟ್ಟಿಯಾಗಿದೆ" ಅಂದರು. ಆ ಜಾಗ ಒತ್ತಿದಾಗ ನನಗೂ ಗೊತ್ತಾಯಿತು.

ಆಮೇಲೆ ಅವರು ಮಾಡಿದ ಒಂದು ಪರೀಕ್ಷೆ ನನಗೆ ಬಹಳ ಇಷ್ಟವಾಯಿತು, ಯಾರು ಬೇಕಾದರೂ ಮನೆಯಲ್ಲಿ ಕನ್ನಡಿ ಮುಂದೆ ಮಾಡಿ ನೋಡಬಹುದು. ನಾಲಿಗೆಯನ್ನು ಮೇಲಕ್ಕೆತ್ತಿ ಟಾರ್ಚ್ ಬಿಟ್ಟರೆ ನಡುವೆ ನಾಲಿಗೆಯನ್ನು ತಳಕ್ಕೆ ಕಟ್ಟಿರುವ ತೆಳು ಪೊರೆ ಕಾಣುತ್ತದೆ. ಅದರ ಬುಡದಲ್ಲಿ ಆ ಕಡೆ ಈ ಕಡೆ ಎರಡು ಸಣ್ಣ ಉಬ್ಬು. ಒಂದೊಂದರ ತುದಿಯಲ್ಲೂ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ತೂತು. ಅಲ್ಲಿಂದಲೇ ದವಡೆ ಕೆಳಗಿನ ಗ್ರಂಥಿಗಳ ಜೊಲ್ಲು ಬರುವುದು. ಡಾಕ್ಟರು ಆ ಜಾಗವನ್ನು ಹತ್ತಿಬಟ್ಟೆಯಿಂದ ಒರೆಸಿ ಒಣಗಿಸಿ, ನಾಲಿಗೆಗೆ ಸ್ವಲ್ಪ ನಿಂಬೆರಸ ಮುಟ್ಟಿಸಿದರು. ಎಡಗಡೆ ಉಬ್ಬಿನಿಂದ ತಿಳಿಯಾದ ಹನಿ ತಕ್ಷಣ ಮೂಡಿತು, ಹನಿ ದೊಡ್ಡದಾಗಿ ಹರಿಯಿತು. ಬಲಗಡೆ ಒಣಗಿದ್ದು ಒಣಗಿದ ಹಾಗೇ ಇತ್ತು. ಕನ್ನಡಿ ಕೊಟ್ಟು ನನಗೂ ತೋರಿಸಿದರು. ಹೊರಗೆ ದವಡೆ ಕೆಳಗೆ ಗಂಟು ಏಳುತ್ತಿದೆ, ಒಳಗೆ ಬಾಗಿಲು ಮುಚ್ಚಿದೆ. ಇಷ್ಟು ಸ್ಪಷ್ಟವಾಗಿ ಕಾಯಿಲೆಯೊಂದನ್ನು ನನ್ನ ಕಣ್ಣಲ್ಲೇ ನೋಡಿದ್ದು ಅದೇ ಮೊದಲು.

ಇಲ್ಲಿ ಸ್ವಲ್ಪ ನಿಂತು ಜೊಲ್ಲು ಗ್ರಂಥಿಗಳ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ ಕೆನ್ನೆಯಲ್ಲಿ ಇರುವುದು ಪೆರೋಟಿಡ್, ಎಲ್ಲಕ್ಕಿಂತ ದೊಡ್ಡದು. ದವಡೆ ಮೂಳೆಯ ಕೆಳಗಿರುವುದು ಸಬ್‌ಮ್ಯಾಂಡಿಬ್ಯುಲರ್. ನಾಲಿಗೆಯ ಅಡಿಯಲ್ಲಿ, ಬಾಯಿಯ ತಳದ ಪೊರೆಯ ಕೆಳಗೇ ಇರುವುದು ಸಬ್‌ಲಿಂಗ್ವಲ್. ಇವಲ್ಲದೆ ತುಟಿ, ಕೆನ್ನೆಯ ಒಳಭಾಗ, ಅಂಗುಳ, ಗಂಟಲು ಎಲ್ಲ ಕಡೆ ನೂರಾರು ಪುಟ್ಟ ಪುಟ್ಟ ಗ್ರಂಥಿಗಳು ಹರಡಿಕೊಂಡಿವೆ. ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್‌ವರೆಗೆ ಜೊಲ್ಲು ಬರುತ್ತದೆ. ಅದರಲ್ಲಿ ಶೇ. 99ರಷ್ಟು ನೀರೇ. ಸುಮ್ನೆ ಕೂತಿರುವಾಗ ಬಾಯಿ ಒದ್ದೆಯಾಗಿರುತ್ತಲ್ವಾ, ಆ ಜೊಲ್ಲಿನಲ್ಲಿ ದೊಡ್ಡ ಪಾಲು ದವಡೆ ಕೆಳಗಿನ ಗ್ರಂಥಿಗಳದು. ಜಗಿಯಲು ಶುರು ಮಾಡಿದ ಮೇಲೆ ಕೆನ್ನೆಯ ಗ್ರಂಥಿ ಜೋರಾಗಿ ಸೇರಿಕೊಳ್ಳುತ್ತದೆ. ಕೆನ್ನೆಯ ಗ್ರಂಥಿಯ ಬಾಯಿ ಎಲ್ಲಿದೆ ಅಂತ ತಿಳಿಯಬೇಕಾದರೆ ನಾಲಿಗೆ ತುದಿಯನ್ನು ಮೇಲ್ಸಾಲಿನ ಎರಡನೇ ದವಡೆ ಹಲ್ಲಿನ ಎದುರಿಗೆ, ಕೆನ್ನೆಯ ಒಳಗೋಡೆಗೆ ತಾಗಿಸಿ, ಸಣ್ಣ ಗುಬುಟು ಸಿಗುತ್ತದೆ. ಈ ಕೊಳವೆಯನ್ನು 1660ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸೆನ್ ಎಂಬ ಹುಡುಗ, ಇನ್ನೂ ವಿದ್ಯಾರ್ಥಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕುರಿಯ ತಲೆಯೊಂದನ್ನು ಕೊಯ್ದು ನೋಡುವಾಗ ಕಂಡುಹಿಡಿದ. ದವಡೆ ಕೆಳಗಿನ ಗ್ರಂಥಿಯ ಕೊಳವೆಗೆ ಲಂಡನ್ನಿನ ವೈದ್ಯ ಥಾಮಸ್ ವಾರ್ಟನ್ ಹೆಸರು ಬಂದಿದೆ, ಅವನು ಅದನ್ನು ಪುಸ್ತಕದಲ್ಲಿ ವಿವರಿಸಿದ್ದು 1656ರಲ್ಲಿ. ನನ್ನ ಎಲ್ಲ ರಿಪೋರ್ಟುಗಳಲ್ಲೂ ಆ ಹೆಸರೇ ಇದೆ, ವಾರ್ಟನ್ಸ್ ಡಕ್ಟ್.

ಜೊಲ್ಲು ಗ್ರಂಥಿಯ ಕಲ್ಲುಗಳಲ್ಲಿ ಶೇ. 80ಕ್ಕೂ ಹೆಚ್ಚು ಈ ದವಡೆ ಕೆಳಗಿನ ಗ್ರಂಥಿಯಲ್ಲೇ ಆಗುವುದಂತೆ. ಯಾಕೆ ಅಂತ ಕೇಳಿದೆ. ಡಾಕ್ಟರು ಹಾಳೆ ತೆಗೆದು ಚಿತ್ರ ಬರೆದರು. ಬಾಯಿಯ ತಳಕ್ಕೆ ಅಡ್ಡಲಾಗಿ ಒಂದು ತೆಳು ಸ್ನಾಯು ಹಾಸಿಕೊಂಡಿದೆ, ಮೈಲೋಹಯಾಯ್ಡ್ ಅಂತ. ಗ್ರಂಥಿಯ ದೊಡ್ಡ ಭಾಗ ಆ ಸ್ನಾಯುವಿನ ಕೆಳಗೆ ಕುತ್ತಿಗೆಯಲ್ಲಿದೆ, ಸಣ್ಣ ಭಾಗ ಸ್ನಾಯುವಿನ ಹಿಂದಿನ ಅಂಚನ್ನು ಸುತ್ತಿಕೊಂಡು ಮೇಲೆ ಬಾಯೊಳಗೆ ಬಂದಿದೆ. ಅಲ್ಲಿಂದ ಹೊರಟ ಕೊಳವೆ ಹೆಚ್ಚುಕಮ್ಮಿ 5 ಸೆಂಟಿಮೀಟರ್ ಉದ್ದ, ಮುಂದಕ್ಕೆ ಮತ್ತು ಮೇಲಕ್ಕೆ ಹತ್ತಿಕೊಂಡು ಹೋಗಬೇಕು. ಈ ಗ್ರಂಥಿಯ ಜೊಲ್ಲು ಕೆನ್ನೆಯ ಗ್ರಂಥಿಯದಕ್ಕಿಂತ ಗಟ್ಟಿ, ಲೋಳೆ ಜಾಸ್ತಿ, ಕ್ಯಾಲ್ಸಿಯಂ ಜಾಸ್ತಿ. ಇಷ್ಟೆಲ್ಲ ದಾಟಿ ಬಂದ ಮೇಲೆ ಹೊರಬೀಳುವ ತೂತು ಕೊಳವೆಗಿಂತ ಕಿರಿದು. ಗಟ್ಟಿ ದ್ರವ, ಏರುದಾರಿ, ಕಿರಿದಾದ ಬಾಯಿ. ಸ್ವಲ್ಪ ಲೋಳೆ ಎಲ್ಲೋ ನಿಂತರೆ ಅದರ ಸುತ್ತ ಕ್ಯಾಲ್ಸಿಯಂ ಫಾಸ್ಫೇಟ್ ಪದರ ಪದರವಾಗಿ ಕೂರುತ್ತದೆ. ಕಿಡ್ನಿ ಕಲ್ಲಿಗೂ ಇದಕ್ಕೂ ಸಂಬಂಧ ಇದೆಯಾ, ಹಾಲು ಮೊಸರು ಬಿಡಬೇಕಾ ಅಂತ ಕೇಳಿದೆ. ಬೇಡ, ನೀರು ಕಡಿಮೆ ಕುಡಿಯಬೇಡಿ ಅಷ್ಟೇ ಅಂದರು. ನಮ್ಮಂಥ ಟೀಚರುಗಳು ನೀರು ಕುಡಿದರೆ ಟಾಯ್ಲೆಟ್ಟಿಗೆ ಓಡಬೇಕಲ್ಲ ಅಂತ ಬೆಳಗಿಂದ ಬಾಯಿ ಒಣಗಿಸಿಕೊಂಡೇ ಇರುತ್ತೇವೆ. ಎಷ್ಟೋ ಶಾಲೆಗಳಲ್ಲಿ ಟೀಚರುಗಳಿಗೆ ಸರಿಯಾದ ಟಾಯ್ಲೆಟ್ ಇಲ್ಲ. ಈ ವಿಷಯ ಯಾರೂ ಆರೋಗ್ಯದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕು.

ಕಲ್ಲು ಇದೆ ಅಂತ ಬೆರಳಿಗೇ ಸಿಕ್ಕಿದ ಮೇಲೂ ಡಾಕ್ಟರು ಗಂಟಲು ಪೂರ್ತಿ ನೋಡಿಬಿಡೋಣ ಅಂದರು. ಕುತ್ತಿಗೆಯಲ್ಲಿ ಗಂಟು ಅಂತ ಬಂದವರ ಮೂಗಿನಿಂದ ಧ್ವನಿಪೆಟ್ಟಿಗೆವರೆಗೆ ನೋಡದೆ ಕಳಿಸುವುದಿಲ್ಲವಂತೆ. ತಂಬಾಕು, ಗುಟ್ಕಾ ಇಷ್ಟು ಓಡಾಡುವ ನಮ್ಮ ಕಡೆ ಅದು ಸರಿಯಾದ ಪದ್ಧತಿ ಅಂತಲೇ ನನಗೆ ಅನ್ನಿಸುತ್ತದೆ. ಮೂಗಿಗೆ ಮತ್ತು ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದರು. ಕಹಿ. ಸ್ವಲ್ಪ ಹೊತ್ತಿಗೆ ಗಂಟಲು ದಪ್ಪಗಾದ ಹಾಗೆ, ಉಗುಳು ನುಂಗಿದ್ದೂ ಗೊತ್ತಾಗದ ಹಾಗೆ ಆಯಿತು. ಆಮೇಲೆ ತೆಳ್ಳಗಿನ, ಬಾಗುವ ಕ್ಯಾಮೆರಾ ಕೊಳವೆಯನ್ನು ಮೂಗಿನ ಹೊಳ್ಳೆಯಿಂದ ಬಿಟ್ಟರು. ನೋವಿಲ್ಲ, ಕಣ್ಣಲ್ಲಿ ನೀರು ಬಂತು, ಸೀನು ಬಂದ ಹಾಗಾಯಿತು. ಪಕ್ಕದ ಟಿವಿಯಲ್ಲಿ ನೋಡಿ ಅಂದರು.

ಮೂಗಿನ ಹಿಂಭಾಗ ದಾಟಿ ಕೊಳವೆ ಕೆಳಗೆ ಬಾಗಿತು. ಕಿರುನಾಲಿಗೆಯನ್ನು ನಾವು ಬಾಯಿ ತೆಗೆದು ಮುಂದಿನಿಂದ ನೋಡುತ್ತೇವೆ, ಅವತ್ತು ಅದರ ಬೆನ್ನು ನೋಡಿದೆ. ಅದರ ಕೆಳಗೆ ನಾಲಿಗೆಯ ಬುಡ, ಉಬ್ಬುತಗ್ಗಾಗಿ. ಇಷ್ಟು ದೊಡ್ಡ ನಾಲಿಗೆಯಲ್ಲಿ ನಾವು ಕಾಣುವುದು ಮುಂಭಾಗ ಮಾತ್ರ, ಬುಡ ಗಂಟಲೊಳಗೆ ಇಳಿದಿರುತ್ತದೆ. ಅದರ ಹಿಂದೆ ಎದ್ದು ನಿಂತ ಎಲುಬಲ್ಲದ ಎಲುಬು, ಮೃದ್ವಸ್ಥಿಯ ಮುಚ್ಚಳ, ಎಪಿಗ್ಲಾಟಿಸ್. ಅದರ ಆಚೆಗೆ ಧ್ವನಿಪೆಟ್ಟಿಗೆ. ಎರಡು ಬಿಳಿ ಪಟ್ಟಿಗಳು, ಮುಂದೆ ಒಂದಾಗಿ ಹಿಂದೆ ಅಗಲವಾಗಿ, ನಡುವೆ ಕತ್ತಲು. ಕತ್ತಲಿರುವುದು ಶ್ವಾಸನಾಳ. ಉಸಿರೆಳೆದುಕೊಂಡರೆ ಪಟ್ಟಿಗಳು ದೂರ ಸರಿಯುತ್ತವೆ, ಬಿಟ್ಟರೆ ಸ್ವಲ್ಪ ಹತ್ತಿರ ಬರುತ್ತವೆ. "ಈ... ಅನ್ನಿ ಮೇಡಂ." ಈ ಅಂದೆ. ಎರಡೂ ಪಟ್ಟಿ ಬಂದು ನೆಟ್ಟಗೆ ಕೂಡಿಕೊಂಡವು, ಅಂಚು ಮಸುಕಾಯಿತು. ಹೆಂಗಸರಲ್ಲಿ ಅವು ಮಾತಾಡುವಾಗ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಅದರ ಅರ್ಧದಷ್ಟು ಸಲ ಬಡಿದುಕೊಳ್ಳುತ್ತವೆ, ಕಣ್ಣಿಗೆ ಹಿಡಿಯುವುದೇ ಇಲ್ಲ. ಎರಡು ಸೆಂಟಿಮೀಟರೂ ಉದ್ದವಿಲ್ಲದ ಆ ಪಟ್ಟಿಗಳಿಂದ ಇಷ್ಟು ವರ್ಷ ನಾನು ಪದ್ಯ ಹಾಡಿದ್ದು, ಗದರಿದ್ದು, ವ್ಯಾಕರಣ ಹೇಳಿದ್ದು. ನನಗೆ ನಿಜವಾಗಿಯೂ ಗಂಟಲು ತುಂಬಿ ಬಂತು, ಕೊಳವೆ ಒಳಗಿದ್ದರೂ. ಪಟ್ಟಿಗಳ ಮೇಲೆ ಗಂಟು ಇಲ್ಲ, ಚೆನ್ನಾಗಿವೆ, ಸ್ವಲ್ಪ ಒಣಗಿವೆ ಅಂದರು.

"ಈಗ ನುಂಗಿ" ಅಂದರು. ನುಂಗಿದ ಕೂಡಲೇ ಪರದೆ ಪೂರ್ತಿ ಬೆಳ್ಳಗಾಯಿತು. ಉಸಿರು ನಿಂತು, ಧ್ವನಿಪೆಟ್ಟಿಗೆ ಮೇಲಕ್ಕೆದ್ದು, ಬಿಳಿ ಪಟ್ಟಿಗಳು ಮುಚ್ಚಿ, ಎಪಿಗ್ಲಾಟಿಸ್ ಹಿಂದಕ್ಕೆ ಬಾಗಿ, ಗಂಟಲಿನ ಗೋಡೆಗಳೆಲ್ಲ ಬಿಗಿದು ಕ್ಯಾಮೆರಾವನ್ನೇ ಒತ್ತಿಬಿಡುತ್ತವೆ. ಒಂದು ಸೆಕೆಂಡಿನ ಕೆಲಸ. ಮತ್ತೆ ತೆರೆದಾಗ ಎಲ್ಲ ಮೊದಲಿನಂತೆ. ಮುದ್ದೆ ತಿನ್ನುವ ಊರಿನವಳು ನಾನು, ಜಗಿಯದೆ ನುಂಗುವುದೇ ನಮ್ಮ ಅಭ್ಯಾಸ. ಒಂದೊಂದು ತುತ್ತು ಮುದ್ದೆಯೂ ಸಾರಿನ ಜೊತೆ ಧ್ವನಿಪೆಟ್ಟಿಗೆಯ ಎರಡೂ ಪಕ್ಕದಿಂದ ಜಾರಿ ಅನ್ನನಾಳಕ್ಕೆ ಇಳಿಯುತ್ತದೆ, ಉಸಿರಿನ ದಾರಿ ಅದರ ಮುಂದೆಯೇ ಇದೆ. ಗಾಳಿ ಮೂಗಿನಿಂದ ಬಂದು ಮುಂದಿನ ಕೊಳವೆಗೆ, ಅನ್ನ ಬಾಯಿಂದ ಬಂದು ಹಿಂದಿನ ಕೊಳವೆಗೆ. ಗಂಟಲಲ್ಲಿ ಎರಡೂ ದಾರಿ ಅಡ್ಡಹಾಯುತ್ತವೆ. ಹುಟ್ಟಿದಾಗಿನಿಂದ ತಪ್ಪದೆ ನಡೆಯುವ ಈ ಏರ್ಪಾಟಿನ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಮರಗಟ್ಟಿರುವ ಗಂಟಲಿಗೆ ಈ ಕಾವಲು ಮಂದವಾಗಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಏನೂ ತಿನ್ನಬೇಡಿ ಕುಡಿಯಬೇಡಿ ಅಂತ ಹೇಳಿ ಕಳಿಸಿದರು.

ಬದುಕಿರುವ ಮನುಷ್ಯನ ಧ್ವನಿಪಟ್ಟಿಗಳು ಮಾತಾಡುವಾಗ ಹೇಗೆ ಅಲುಗಾಡುತ್ತವೆ ಅಂತ ನೋಡಿ ಬರೆದವರಲ್ಲಿ ಮೊದಲಿಗರು ವೈದ್ಯರಲ್ಲ, ಒಬ್ಬ ಸಂಗೀತದ ಮೇಷ್ಟ್ರು. ಸ್ಪೇನ್ ಮೂಲದ ಮಾನ್ಯುಯೆಲ್ ಗಾರ್ಸಿಯಾ. 1854ರಲ್ಲಿ ಹಲ್ಲಿನ ಡಾಕ್ಟರು ಬಳಸುವಂಥ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಗಂಟಲಿಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಬಿಟ್ಟುಕೊಂಡು, ತನ್ನ ಗಂಟಲನ್ನು ತಾನೇ ನೋಡಿದರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ವರದಿ ಕೊಟ್ಟರು. ಮೇಷ್ಟ್ರಿಗೆ ತನ್ನ ಧ್ವನಿ ಎಲ್ಲಿಂದ ಬರುತ್ತದೆ ಅಂತ ನೋಡುವ ಆಸೆ ಇರುವುದು ಸಹಜ ಅಂತ ನನಗಂತೂ ಅನ್ನಿಸಿತು.

ಅಲ್ಟ್ರಾಸೌಂಡ್ ಸುಲಭ. ಕುತ್ತಿಗೆಗೆ ತಣ್ಣನೆ ಜೆಲ್ ಹಚ್ಚಿ ಓಡಿಸಿದರು. ಕೊಳವೆ ಹಿಗ್ಗಿದೆ, ಒಳಗೆ 9 ಮಿಲಿಮೀಟರ್ ಕಲ್ಲು, ಅದರ ಹಿಂದೆ ಕಪ್ಪು ನೆರಳು. ಬಾಯೊಳಗೆ ಫಿಲ್ಮ್ ಕಚ್ಚಿಸಿ ತೆಗೆದ ಎಕ್ಸ್‌ರೇಯಲ್ಲೂ ಬೆಳ್ಳಗೆ ಕಂಡಿತು.

ಕೂಡಲೇ ಆಪರೇಷನ್ ಹೇಳಲಿಲ್ಲ. ಚೆನ್ನಾಗಿ ನೀರು ಕುಡಿಯಿರಿ, ಹುಳಿ ಪೆಪ್ಪರಮೆಂಟ್ ಚೀಪಿ, ಬಿಸಿ ಬಟ್ಟೆಯ ಶಾಖ ಕೊಡಿ, ದವಡೆ ಕೆಳಗೆ ಹಿಂದಿನಿಂದ ಮುಂದಕ್ಕೆ, ಗದ್ದದ ಕಡೆಗೆ ಮೆಲ್ಲಗೆ ನೀವಿ ಅಂದರು. ಸಣ್ಣ ಕಲ್ಲಾದರೆ ಹೀಗೆ ತಾನಾಗೇ ಹೊರಬರುತ್ತದೆ, ಕೆಲವರು ಊಟದಲ್ಲಿ ಕಲ್ಲು ಸಿಕ್ಕಿತು ಅಂತ ಉಗಿದುಬಿಟ್ಟಿರುತ್ತಾರಂತೆ. ನಾನು ಕೆಲವು ವಾರ ಮಾಡಿದೆ. ಪಾಠದ ನಡುವೆ ಪೆಪ್ಪರಮೆಂಟ್ ಚೀಪುವ ಟೀಚರನ್ನು ನೋಡಿ ಮಕ್ಕಳಿಗೆ ಖುಷಿಯೋ ಖುಷಿ. ನಡುವೆ ಒಮ್ಮೆ ಸೋಂಕಾಯಿತು. ಜ್ವರ, ದವಡೆ ಕೆಳಗೆ ಕೆಂಪು, ಬಾಯಿ ತೆರೆಯಲಾಗದ ನೋವು, ನೀವಿದರೆ ನಾಲಿಗೆ ಕೆಳಗೆ ಕೀವು. ಆಗ ಆಂಟಿಬಯಾಟಿಕ್ ನಿಜವಾಗಿ ಬೇಕಿತ್ತು, ಕೊಟ್ಟರು. ಅದು ಇಳಿದ ಮೇಲೆ, ಇನ್ನು ಕಾಯುವುದು ಬೇಡ, ಹೀಗೇ ಪದೇಪದೇ ಆದರೆ ಗ್ರಂಥಿಯೇ ಕೆಡುತ್ತದೆ ಅಂದರು.

ದಾರಿ ಮೂರಿದ್ದವು. ಹಿಂದೆಲ್ಲ ಕಲ್ಲು ಅಂದರೆ ಕುತ್ತಿಗೆ ಕೊಯ್ದು ಗ್ರಂಥಿಯನ್ನೇ ತೆಗೆದುಬಿಡುವುದು ಜಾಸ್ತಿ. ಗ್ರಂಥಿಯ ಒಳಗೇ ಆಳದಲ್ಲಿ ಕಲ್ಲು ಇದ್ದರೆ ಈಗಲೂ ಕೆಲವರಿಗೆ ಅದೇ ಗತಿ. ಆ ಆಪರೇಷನ್ನಿನಲ್ಲಿ ಗಾಯವನ್ನು ದವಡೆ ಅಂಚಿಗಿಂತ ಎರಡು ಬೆರಳು ಕೆಳಗೆ ಹಾಕುತ್ತಾರೆ. ಕೆಳತುಟಿಯ ಮೂಲೆಯನ್ನು ಕೆಳಗೆಳೆಯುವ ನರ ದವಡೆಯ ಅಂಚಿನಲ್ಲೇ ಹೋಗುತ್ತದೆ, ಅದಕ್ಕೆ ಏಟಾದರೆ ನಗುವಾಗ ತುಟಿ ಸೊಟ್ಟ. ಎರಡನೆಯದು ಎಂಡೋಸ್ಕೋಪ್: ಒಂದು, ಒಂದೂವರೆ ಮಿಲಿಮೀಟರ್ ದಪ್ಪದ ಕ್ಯಾಮೆರಾವನ್ನು ಆ ಸಣ್ಣ ತೂತಿನಿಂದಲೇ ಕೊಳವೆಯೊಳಗೆ ಬಿಟ್ಟು, ತಂತಿಯ ಬುಟ್ಟಿಯಲ್ಲಿ ಕಲ್ಲನ್ನು ಹಿಡಿದು ಎಳೆಯುವುದು. ಅದು ನಾಲ್ಕು ಮಿಲಿಮೀಟರಿನೊಳಗಿನ ಕಲ್ಲಿಗೆ ಚೆನ್ನ. ಮೂರನೆಯದು ಬಾಯೊಳಗಿನಿಂದಲೇ ನಾಲಿಗೆ ಪಕ್ಕ ಸಣ್ಣ ಗಾಯ ಮಾಡಿ ಕಲ್ಲು ತೆಗೆದು, ಆಮೇಲೆ ಕ್ಯಾಮೆರಾ ಬಿಟ್ಟು ಇನ್ನೇನೂ ಉಳಿದಿಲ್ಲ ಅಂತ ನೋಡುವುದು. ನನ್ನ ಕಲ್ಲು ದೊಡ್ಡದು, ಆದರೆ ಬೆರಳಿಗೆ ಸಿಗುವ ಜಾಗದಲ್ಲಿದೆ, ಮೂರನೆಯದೇ ಸರಿ ಅಂದರು. ಗ್ರಂಥಿ ಉಳಿಯುತ್ತದೆ, ಕುತ್ತಿಗೆಗೆ ಗಾಯವಿಲ್ಲ. ಈ ಕ್ಯಾಮೆರಾ ಇರುವ ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು.

ಬೆಂಗಳೂರಿನಲ್ಲಿ ಅರಿವಳಿಕೆ ಡಾಕ್ಟರು ಬಂದು ಬಾಯಿ ದೊಡ್ಡದಾಗಿ ತೆಗೆದು ನಾಲಿಗೆ ಚಾಚಲು ಹೇಳಿದರು. ಕಿರುನಾಲಿಗೆ ಎಷ್ಟು ಕಾಣುತ್ತದೆ ಅಂತ ನೋಡುವುದಂತೆ. ಪೂರ್ತಿ ಕಂಡರೆ ಉಸಿರಿನ ಟ್ಯೂಬ್ ಹಾಕುವುದು ಸುಲಭ ಇರುತ್ತದೆ, ನಾಲಿಗೆಯೇ ಎಲ್ಲ ಮುಚ್ಚಿದ್ದರೆ ಕಷ್ಟವಾಗಬಹುದು. ಇದನ್ನು ಲೆಕ್ಕ ಹಾಕುವ ಕ್ರಮ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಮಲ್ಲಂಪಾಟಿ ಹೆಸರಿನಲ್ಲಿ ನಡೆಯುತ್ತದೆ. ಆಂಧ್ರ ಮೂಲದ ಡಾಕ್ಟರ್ ಶೇಷಗಿರಿ ಮಲ್ಲಂಪಾಟಿ ಅಮೆರಿಕದಲ್ಲಿದ್ದಾಗ 1985ರಲ್ಲಿ ಬರೆದ ಲೇಖನದಿಂದ ಬಂದ ಹೆಸರು. ನಾನು ನನ್ನ ಹೆದರಿಕೆ ಹೇಳಿದೆ. ಟ್ಯೂಬ್ ಹೋಗುವುದು ಆ ಎರಡು ಬಿಳಿ ಪಟ್ಟಿಗಳ ನಡುವೆ, ಅದನ್ನು ಕಣ್ಣಾರೆ ನೋಡಿದ್ದೇನೆ, ಏನಾದರೂ ಆದರೆ? ಅವರು ಪಕ್ಕದಲ್ಲಿ ಕೂತು ಸಮಾಧಾನವಾಗಿ ವಿವರಿಸಿದರು. ಬಾಯಲ್ಲೇ ಕೆಲಸ ಇರುವುದರಿಂದ ಟ್ಯೂಬನ್ನು ಮೂಗಿನಿಂದ ಹಾಕುತ್ತೇವೆ, ಸಣ್ಣ ಸೈಜಿನದು ಸಾಕು, ಒಂದೆರಡು ದಿನ ಧ್ವನಿ ಕಟ್ಟಬಹುದು, ಆಮೇಲೆ ಸರಿಹೋಗುತ್ತದೆ, ಆ ದಿನಗಳಲ್ಲಿ ಪಿಸುಗುಟ್ಟಲೂ ಬೇಡಿ, ಸುಮ್ಮನಿರಿ. ಹಾಗೇ ಆಯಿತು.

ಒಳಗೆ ಏನು ಮಾಡಿದರು ಅನ್ನುವುದನ್ನು ಸರ್ಜನ್ ಆಮೇಲೆ ಬಿಡಿಸಿ ಹೇಳಿದರು. ಮೊದಲು ಕಲ್ಲಿನ ಹಿಂದೆ ದಾರ ಹಾಕಿ ಕೊಳವೆಯನ್ನು ಎತ್ತಿ ಹಿಡಿಯುತ್ತಾರೆ, ಇಲ್ಲದಿದ್ದರೆ ಮುಟ್ಟಿದ ಕೂಡಲೇ ಕಲ್ಲು ಹಿಂದಕ್ಕೆ ಗ್ರಂಥಿಯೊಳಗೆ ಜಾರಿಬಿಡುತ್ತದೆ. ಆಮೇಲೆ ನಾಲಿಗೆ ಪಕ್ಕದ ಪೊರೆ ಕೊಯ್ದು ನರವನ್ನು ಹುಡುಕುತ್ತಾರೆ. ನಾಲಿಗೆಗೆ ಸ್ಪರ್ಶ ತರುವ ಲಿಂಗ್ವಲ್ ನರ ಕೊಳವೆಯ ಹೊರಪಕ್ಕದಿಂದ ಬಂದು, ಅದರ ಅಡಿಯಲ್ಲಿ ನುಸುಳಿ, ಒಳಪಕ್ಕದಿಂದ ನಾಲಿಗೆಗೆ ಏರುತ್ತದೆ. ಕೊಳವೆಗೆ ಹೆಚ್ಚುಕಮ್ಮಿ ಸುತ್ತು ಹಾಕಿಕೊಂಡೇ ಇದೆ. ಅದನ್ನು ಕಂಡು ಪಕ್ಕಕ್ಕೆ ಸರಿಸಿದ ಮೇಲೇ ಕೊಳವೆ ಸೀಳಿ ಕಲ್ಲು ತೆಗೆಯುವುದು. ಆಮೇಲೆ ಕ್ಯಾಮೆರಾ ಬಿಟ್ಟು ನೀರಿನಲ್ಲಿ ತೊಳೆದು, ಕೊಳವೆಯ ಅಂಚನ್ನು ಬಾಯಿಯ ತಳಕ್ಕೆ ಹೊಲಿದು ಹೊಸ ಬಾಯಿ ಮಾಡಿಕೊಟ್ಟರು, ಮೊದಲಿನದಕ್ಕಿಂತ ಅಗಲ.

ಕಲ್ಲನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಮಾಸಲು ಹಳದಿ, ಮುರಿದ ಹುರಿಗಡಲೆಯ ಹಾಗೆ, ಒಂದು ಕಡೆ ಚೂಪು, ಮೈಯೆಲ್ಲ ಒರಟು. ಒಂದು ಪಕ್ಕದಲ್ಲಿ ಉದ್ದಕ್ಕೆ ಸಣ್ಣ ಗೀರು ಇತ್ತು. ಜೊಲ್ಲು ಅಷ್ಟಿಷ್ಟು ಸೋರಿಕೊಂಡು ಹೋಗುತ್ತಿದ್ದದ್ದು ಆ ಸಂದಿಯಲ್ಲೇ ಇರಬೇಕು ಅಂದರು.

ಎಚ್ಚರವಾದ ಮೇಲೆ ನಾಲಿಗೆಯ ಬಲ ಅಂಚು ಜೋಮು ಹಿಡಿದಿತ್ತು. ನರವನ್ನು ಸರಿಸಿದ್ದರಿಂದ ಹೀಗಾಗುವುದು ಮಾಮೂಲು, ಮುಂಚೆಯೇ ಹೇಳಿದ್ದರು. ಗಂಜಿ, ಮೊಸರನ್ನ, ಉಪ್ಪುನೀರು ಮುಕ್ಕಳಿಸುವುದು. ನಾಲಿಗೆ ಅಲುಗಾಡಿಸಲು ಅಡ್ಡಿಯಿರಲಿಲ್ಲ, ಅದಕ್ಕೆ ಬೇರೆಯೇ ನರ, ಹೈಪೋಗ್ಲಾಸಲ್ ಅಂತ, ಇನ್ನೂ ಆಳದಲ್ಲಿದೆ. ಆದರೂ 'ಳ', 'ಣ' ಹೇಳುವಾಗ ನಾಲಿಗೆ ಮಡಚಿದ್ದು ಬಲಗಡೆ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಹಳ್ಳ, ಕೊಳ, ಕಣ, ಹಣ ಅಂತ ಹೇಳಿಕೊಂಡು ಅಭ್ಯಾಸ ಮಾಡಿದೆ. ರುಚಿಯೂ ಬಲಗಡೆ ಸಪ್ಪೆ. ಇದರ ಕಾರಣ ಕೇಳಿ ನಾನು ಬೆರಗಾದೆ. ನಾಲಿಗೆಯ ಮುಂಭಾಗದ ರುಚಿಯನ್ನು ಮಿದುಳಿಗೆ ಒಯ್ಯುವುದೂ, ದವಡೆ ಕೆಳಗಿನ ಗ್ರಂಥಿಗೆ ಜೊಲ್ಲು ಸುರಿಸು ಅಂತ ಹೇಳುವುದೂ ಒಂದೇ ಸಣ್ಣ ನರ, ಕಾರ್ಡಾ ಟಿಂಪನಿ. ಅದು ಮುಖದ ನರದಿಂದ ಹೊರಟು, ಕಿವಿಯ ತಮಟೆಯ ಹಿಂದೆ, ಆ ಪುಟಾಣಿ ಮೂಳೆಗಳ ನಡುವೆ ಹಾದು, ಕೆಳಗಿಳಿದು ಲಿಂಗ್ವಲ್ ನರಕ್ಕೆ ಸೇರಿಕೊಂಡು ನಾಲಿಗೆಗೆ ಬರುತ್ತದೆ. ಉಪ್ಪಿನಕಾಯಿ ಜಾಡಿ ನೋಡಿದಾಗ ಬಾಯಲ್ಲಿ ನೀರೂರಬೇಕಾದರೆ ಆ ಸುದ್ದಿ ಕಿವಿಯೊಳಗಿಂದ ಹಾದು ಬರಬೇಕು! ಸ್ಕೂಲಿಗೆ ವಾಪಸ್ ಹೋದ ಮೇಲೆ ನಮ್ಮ ಬಯಾಲಜಿ ಮೇಡಂಗೆ ಹೇಳಿದೆ. ಅವರು ಮರುದಿನವೇ ಒಂಬತ್ತನೇ ಕ್ಲಾಸಿನ ಮಕ್ಕಳ ಕೈಗೆ ಕನ್ನಡಿ, ನಿಂಬೆಹೋಳು ಕೊಟ್ಟು ನಾಲಿಗೆ ಕೆಳಗಿನ ಹನಿ ತೋರಿಸಿದರು.

ಜೋಮು ಇಳಿಯಲು ಕೆಲವು ವಾರ ಹಿಡಿಯಿತು. ಮೊದಲು ಇರುವೆ ಹರಿದಂತೆ, ಆಮೇಲೆ ಬಿಸಿ ತಣ್ಣಗೆ ಗೊತ್ತಾಗತೊಡಗಿತು, ಕೊನೆಗೆ ರುಚಿ. ಹುಳಿ ತಿನ್ನಲು ಡಾಕ್ಟರೇ ಹೇಳಿದ್ದರು, ಜೊಲ್ಲು ಹರಿಯುತ್ತಿದ್ದರೆ ಹೊಸ ಬಾಯಿ ಮುಚ್ಚಿಕೊಳ್ಳುವುದಿಲ್ಲ ಅಂತ. ನಿಂಬೆಹಣ್ಣು ನೆಕ್ಕಿದೆ. ದವಡೆ ಕೆಳಗೆ ಬಿಗಿತವಿಲ್ಲ. ನಾಲಿಗೆ ಕೆಳಗೆ ಎರಡೂ ಕಡೆ ಬೆಚ್ಚಗೆ ನೀರೂರಿತು. ಅವತ್ತು ರಾತ್ರಿ ಹುಣಸೆಗೊಜ್ಜು ಮಾಡಿಸಿಕೊಂಡು ಹೊಟ್ಟೆತುಂಬ ಊಟ ಮಾಡಿದೆ.

ಮತ್ತೆ ಬರುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಕೆಲವರಿಗೆ ಬರುತ್ತದೆ. ಆಮೇಲೆ ಮಾಡಿಸಿದ ಸ್ಕ್ಯಾನಿನಲ್ಲಿ ನನ್ನ ಕೊಳವೆ ಖಾಲಿ ಇತ್ತು, ಗ್ರಂಥಿಯ ಊತ ಇಳಿದಿತ್ತು. ಕ್ಲಾಸಿಗೆ ನೀರಿನ ಬಾಟಲಿ ತೆಗೆದುಕೊಂಡೇ ಹೋಗುತ್ತೇನೆ, ಧ್ವನಿಗೂ ಒಳ್ಳೆಯದಾಗಿದೆ. ಇದನ್ನು ಓದುತ್ತಿರುವ ನಿಮಗೂ ದವಡೆ ಕೆಳಗೆ ಗಂಟು ಇದ್ದರೆ, ಅದು ಊಟಕ್ಕೆ ಏರಿ ಆಮೇಲೆ ಇಳಿಯುತ್ತದಾ ಅಂತ ಗಮನಿಸಿ, ಡಾಕ್ಟರಿಗೆ ಮೊದಲು ಅದನ್ನೇ ಹೇಳಿ, ನಾಲಿಗೆ ಕೆಳಗೆ ಬೆರಳಿಟ್ಟು ನೋಡಲು ಕೇಳಿ. ಊಟಕ್ಕೂ ಅದಕ್ಕೂ ಸಂಬಂಧವೇ ಇಲ್ಲದೆ, ನೋವಿಲ್ಲದೆ, ದಿನೇದಿನೇ ಗಟ್ಟಿಯಾಗಿ ದೊಡ್ಡದಾಗುತ್ತಿದ್ದರೆ, ಅಥವಾ ಎರಡು ಮೂರು ವಾರವಾದರೂ ಧ್ವನಿ ಒಡೆದೇ ಇದ್ದರೆ, ನುಂಗಲು ಕಷ್ಟವಾದರೆ, ಅದು ಕಲ್ಲಿನ ಲಕ್ಷಣವಲ್ಲ. ಆಗ ಮನೆಮದ್ದು ಮಾಡುತ್ತಾ ಕೂರದೆ ಆ ವಾರವೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ, ಮೂಗಿನಿಂದ ಕ್ಯಾಮೆರಾ ಬಿಟ್ಟು ನೋಡುತ್ತೇವೆ ಅಂದರೆ ಹೆದರದೆ ಒಪ್ಪಿಕೊಳ್ಳಿ, ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ.